ನಿಂತಾಗ ನಡುಗುತ್ತಿದ್ದೆ

ನಾನು ಒಂದು ಸಣ್ಣ ಕಾರು. ಪೆಟ್ರೋಲಿನದು, ಬೂದಿ ಬಣ್ಣದ್ದು. ನಾನು ಹುಟ್ಟಿದ್ದು ಇಲ್ಲಿಂದ ಬಹಳ ದೂರದ ಒಂದು ಕಾರ್ಖಾನೆಯಲ್ಲಿ. ತಗಡಿನ ಹಾಳೆಗಳನ್ನು ಒತ್ತಿ ನನ್ನ ಮೈ ಮಾಡಿದರು. ಬಣ್ಣದ ಮನೆಯಿಂದ ಹೊರಗೆ ಬಂದ ಮೇಲೆ ಎಂಜಿನ್ ಕೂರಿಸಿದರು. ಕೊನೆಗೆ ಕೈಗವಸು ತೊಟ್ಟ ಒಬ್ಬ ಹೆಂಗಸು ಎಂಜಿನ್ನಿನ ಸುತ್ತ ಪುಟ್ಟ ಪುಟ್ಟ ಸೆನ್ಸರುಗಳನ್ನು ತಿರುಗಿಸಿ ಬಿಗಿದಳು. ಅವುಗಳಲ್ಲಿ ಒಂದು ಒಳಗೆ ಬರುವ ಗಾಳಿಯನ್ನು ಅಳೆಯುತ್ತದೆ. ಇನ್ನೊಂದು ಹೊರಗೆ ಹೋಗುವ ಹೊಗೆಯನ್ನು ಮೂಸುತ್ತದೆ. ಹೆಬ್ಬೆರಳಿನಷ್ಟೇ ಉದ್ದದ ಮತ್ತೊಂದು ಎಂಜಿನ್ನಿನ ನೀರಿನಲ್ಲಿ ಮುಳುಗಿ ಕುಳಿತು, ನೀರು ಎಷ್ಟು ಬಿಸಿಯಾಗಿದೆ ಎಂದು ಹೇಳುತ್ತದೆ. ಇವರೆಲ್ಲ ಹೇಳಿದ್ದನ್ನು ಕೇಳಿಕೊಂಡು, ಎಷ್ಟು ಪೆಟ್ರೋಲು ಬಿಡಬೇಕೆಂದು ತೀರ್ಮಾನಿಸುವ ಪೆಟ್ಟಿಗೆಯೊಂದು ನನ್ನೊಳಗಿದೆ. ಆ ಪೆಟ್ಟಿಗೆ ಹೊರಗಿನದನ್ನು ಎಂದೂ ಕಂಡಿಲ್ಲ. ಸೆನ್ಸರುಗಳು ಹೇಳಿದ್ದೇ ಅದಕ್ಕೆ ನಿಜ.

ನಾವು ಎಂಟು ಕಾರುಗಳು ಒಂದೇ ಟ್ರೇಲರ್ ಏರಿ ಹೊರಟೆವು. ಹುಬ್ಬಳ್ಳಿಯಲ್ಲಿ ಏಳನ್ನು ಇಳಿಸಿಕೊಂಡರು. ನಾನೊಂದೇ ಗದಗಕ್ಕೆ ಬಂದೆ.

ನನ್ನನ್ನು ಕೊಂಡವರು ಶ್ರೀಪಾದರಾವ್ ಜಾಲಿಹಾಳ ಎಂಬುವವರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರವತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದರು. ಮೂರನೆಯ ದಿನ ಅವರು ನನ್ನನ್ನು ಗೇಟಿನಿಂದ ಹಿಂದಕ್ಕೆ ತೆಗೆಯುವಾಗ, ಪಕ್ಕದ ಮನೆಯವರು ಗೋಡೆಗೆ ಒರಗಿಸಿದ್ದ ಸೈಕಲ್ ನನ್ನ ಚಕ್ರದ ಕೆಳಗೆ ಸಿಕ್ಕಿತು. ಸೈಕಲ್ಲಿನ ಮೇಲೆ ಯಾರೂ ಇರಲಿಲ್ಲ. ಆದರೆ ರಾಯರು ಕೆಳಗಿಳಿದು ಆ ಮುರಿದ ಚಕ್ರವನ್ನು ನೋಡುತ್ತ ಬಹಳ ಹೊತ್ತು ನಿಂತರು. "ಯಾರರೆ ಇದ್ದಿದ್ರ?" ಎಂದು ಒಂದು ಸಲ ಅಂದರು. ಮತ್ತೆ ಅವರು ನನ್ನನ್ನು ರಸ್ತೆಗೆ ತರಲಿಲ್ಲ.

ಬ್ಯಾಟರಿ ಸಾಯಬಾರದೆಂದು ಪ್ರತಿ ಭಾನುವಾರ ಬೆಳಿಗ್ಗೆ ಹೊದಿಕೆ ಸರಿಸಿ, ಬಾಗಿಲಿನಿಂದ ಒಳಗೆ ಬಗ್ಗಿ ಕೀಲಿ ತಿರುಗಿಸುತ್ತಿದ್ದರು. ಆಮೇಲೆ ಕಟ್ಟೆಯ ಹತ್ತಿರ ನಿಂತು ಪೇಪರ್ ಓದುತ್ತಿದ್ದರು. ನಾನು ಕಾಲು ತಾಸು ನಿಂತಲ್ಲೇ ಉಸಿರಾಡುತ್ತಿದ್ದೆ. ಗ್ಯಾರೇಜಿನವರು ಇದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಚಕ್ರ ತಿರುಗುವುದಿಲ್ಲ, ಎಂಜಿನ್ ಮಾತ್ರ ಮೆಲ್ಲಗೆ ಓಡುತ್ತಿರುತ್ತದೆ. ಕಾಲು ತಾಸು ಆದ ಮೇಲೆ ಅವರು ಬಂದು ಕೀಲಿ ಆರಿಸಿ ಹೊದಿಕೆ ಎಳೆಯುತ್ತಿದ್ದರು. ಇನ್ನು ಏಳು ದಿನ ಕತ್ತಲೆ. ಹೊರಗೆ ಹೋಗುವ ಗಾಡಿಗಳ ಸದ್ದಿನಿಂದಲೇ ಬೆಳಗು ಯಾವುದು, ಸಂಜೆ ಯಾವುದು ಎಂದು ತಿಳಿಯುತ್ತಿದ್ದೆ. ನಾಲ್ಕು ವರ್ಷದಲ್ಲಿ ನಾನು ಓಡಿದ್ದು ಇಪ್ಪತ್ತೊಂದು ಕಿಲೋಮೀಟರು.

ಆಮೇಲೆ ಒಂದು ದಿನ ಹೊದಿಕೆ ತೆಗೆದವರು ಬೇರೆ ಯಾರೋ ಆಗಿದ್ದರು. ಡಾಕ್ಟರ್ ಸುನಂದಾ ಹಂಚಿನಮನಿ, ಸರ್ಕಾರಿ ಪಶುವೈದ್ಯೆ. ನಲವತ್ತರ ಹತ್ತಿರದ ವಯಸ್ಸು. ಮೋಟು ಕೂದಲು, ಕಾಲಿಗೆ ರಬ್ಬರಿನ ಬೂಟು. ಅದುವರೆಗೆ ಸ್ಕೂಟರಿನಲ್ಲಿ ಹಳ್ಳಿ ತಿರುಗುತ್ತಿದ್ದವರು. ರಾಯರು ಕೀಲಿ ಕೊಡುತ್ತ, "ಗಾಡಿ ಹೊಸದ ಅದ. ನಾನ ಹಳಬ ಆದೆ," ಎಂದರು.

ಸುನಂದಾ ನನ್ನನ್ನು ನೇರವಾಗಿ ಕಾಳಪ್ಪ ಬಡಿಗೇರರ ಗ್ಯಾರೇಜಿಗೆ ತಂದರು. ನಿಂತಾಗ ನನ್ನ ಎಂಜಿನ್ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಕಾಳಪ್ಪ ಐವತ್ತು ದಾಟಿದ ಗಟ್ಟಿ ಆಳು. ಅವರಿಗೆ ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆಂದು ಗದಗ, ಬೆಟಗೇರಿಯಲ್ಲೆಲ್ಲ ಅವರಿಗೆ ಹೆಸರಿತ್ತು. ಅವರು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಎಂಜಿನ್ನಿಗೆ ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ನಿಂತಲ್ಲೇ ನಿಲ್ಲಿಸಿ ಉಸಿರಾಡಿಸ್ಯಾರ ಇದನ್ನ," ಎಂದರು. "ಗಾಳಿ ಹೋಗೋ ಬಾಯಾಗ ಮಸಿ ಕುಂತೈತ್ರಿ ಡಾಕ್ಟರ್ ಬಾಯಾರ. ಒಂದ್ ತಾಸಿನ ಕೆಲಸ."

"ಬರೇ ಕೇಳಿದ್ರ ತಿಳೀತದೇನ್ರಿ ನಿಮಗ?"

"ದನದ ಹೊಟ್ಟಿಗೆ ಕೈ ಹಚ್ಚಿದ್ರ ನಿಮಗ ತಿಳಿಯಾಂಗಿಲ್ಲೇನ್ರಿ? ಹಂಗ."

ಅವರು ಹೇಳಿದ್ದು ಸರಿಯಾಗಿತ್ತು. ಮಸಿ ತೆಗೆದ ಮೇಲೆ ನನ್ನ ಉಸಿರು ಹಗುರಾಯಿತು. ಅಂದು ಮೊದಲ ಸಲ ನಾನು ಮುಳಗುಂದದ ರಸ್ತೆಯಲ್ಲಿ ಓಡಿದೆ. ಎರಡೂ ಕಡೆ ಕಪ್ಪು ಹೊಲ, ದೂರದ ಗುಡ್ಡದ ಮೇಲೆ ಸಾಲಾಗಿ ನಿಂತು ತಿರುಗುವ ಗಾಳಿಯಂತ್ರಗಳು.

ಆರು ವರ್ಷ ಹಾಗೆ ಕಳೆಯಿತು. ಸುನಂದಾ ಹೆಚ್ಚು ಮಾತಿನವರಲ್ಲ. ಬಾಡಿಗೆಯ ಎರಡು ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ನನ್ನಲ್ಲಿ ರೇಡಿಯೋ ಇತ್ತು, ಅವರು ಹಾಕುತ್ತಿರಲಿಲ್ಲ. ಒಮ್ಮೊಮ್ಮೆ ದಾರಿಯಲ್ಲಿ, "ಆ ಎಮ್ಮಿಗೆ ಇನ್ನೊಂದು ಇಂಜೆಕ್ಷನ್ ಕೊಡಬೇಕಿತ್ತು," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನನ್ನ ಹಿಂದಿನ ಸೀಟಿಗೆ ಔಷಧಿಯ ವಾಸನೆ, ಸಗಣಿಯ ವಾಸನೆ ಹತ್ತಿ ಹೋಗಿತ್ತು. ನನಗೆ ಅದು ಬೇಸರವೆನಿಸಲಿಲ್ಲ. ಯಾರೋ ನನ್ನನ್ನು ಬಳಸುತ್ತಿದ್ದಾರೆ ಎಂಬುದೇ ಸಾಕಾಗಿತ್ತು.

ಏಳನೆಯ ವರ್ಷ ನನ್ನೊಳಗೆ ಒಂದು ಸಣ್ಣ ಸುಳ್ಳು ಶುರುವಾಯಿತು.

ನೀರಿನ ಬಿಸಿ ಹೇಳುವ ಸೆನ್ಸರು ಕೆಟ್ಟಿತು. ಪೂರ್ತಿ ಕೆಟ್ಟು ಸುಮ್ಮನಾಗಿದ್ದರೆ ಪೆಟ್ಟಿಗೆಗೆ ತಿಳಿಯುತ್ತಿತ್ತು. ಅದು ಸುಮ್ಮನಾಗಲಿಲ್ಲ. ನೀರು ಎಷ್ಟೇ ಕುದಿಯಲಿ, ಮೂವತ್ತಾರು ಡಿಗ್ರಿ, ಮೂವತ್ತಾರು ಡಿಗ್ರಿ ಎಂದು ಹೇಳುತ್ತಲೇ ಇತ್ತು. ಎಂಜಿನ್ ಇನ್ನೂ ತಣ್ಣಗಿದೆ ಎಂದು ನಂಬಿದ ಪೆಟ್ಟಿಗೆ ಹೆಚ್ಚು ಹೆಚ್ಚು ಪೆಟ್ರೋಲು ಬಿಡುತ್ತಿತ್ತು. ಮುಂಜಾನೆ ತಣ್ಣಗಿರುವಾಗ ನಾನು ಸರಿಯಾಗಿಯೇ ಇರುತ್ತಿದ್ದೆ. ಹತ್ತು ಕಿಲೋಮೀಟರು ಓಡಿ ಬಿಸಿಯಾದ ಮೇಲೆ ಎಲ್ಲಾದರೂ ನಿಂತರೆ, ಬೇಡದ ಪೆಟ್ರೋಲು ಗಂಟಲಿಗೆ ಬಂದು ಮೈಯೆಲ್ಲ ನಡುಗುತ್ತಿತ್ತು. ಕೊನೆಗೆ ಎಂಜಿನ್ ಆರುತ್ತಿತ್ತು. ಬಿಸಿ ಇಳಿಯುವವರೆಗೆ ಮತ್ತೆ ಹತ್ತುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಬಿಸಿಯ ಮುಳ್ಳಿಗೂ ಫ್ಯಾನಿಗೂ ಬೇರೆ ತಂತಿ, ಬೇರೆ ಸ್ವಿಚ್ಚು. ಅವೆರಡೂ ಸರಿಯಾಗಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ನೋವು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆ? ನನ್ನ ಪರವಾಗಿ ಮಾತಾಡಬೇಕಾದವನೇ ಸುಳ್ಳು ಹೇಳುತ್ತಿದ್ದ.

ಸುನಂದಾ ನನ್ನನ್ನು ಕಾಳಪ್ಪನ ಬಳಿಗೆ ಒಯ್ದರು. ಮಿಸ್ತ್ರಿ ಎಂದಿನಂತೆ ಸ್ಕ್ರೂಡ್ರೈವರ್ ಊರಿ, ಕಿವಿಗೆ ಹಚ್ಚಿ, ಕಣ್ಣು ಮುಚ್ಚಿದರು. "ಪ್ಲಗ್ ಹೋಗ್ಯಾವ್ರಿ," ಎಂದರು. ಪ್ಲಗ್ ಹೊಸದಾಗಿ ಹಾಕಿದರು. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿದಾಗ ನಾನು ತಣ್ಣಗಿದ್ದೆ, ಸರಿಯಾಗಿಯೇ ಓಡಿದೆ. ನಾಲ್ಕು ದಿನಕ್ಕೆ ಮತ್ತೆ ಬಂದೆವು. "ಗಾಳಿ ಬಾಯಾಗ ಮಸಿ ಐತಿ," ಎಂದು ಸ್ವಚ್ಛ ಮಾಡಿದರು. ಮೂರನೆಯ ಸಲ, ನಿಂತಾಗ ಗಾಳಿಯನ್ನು ಹದ ಮಾಡುವ ಪುಟ್ಟ ಮೋಟರನ್ನೇ ಬದಲಿಸಿದರು. ಪ್ರತಿ ಸಲವೂ ಕಣ್ಣು ಮುಚ್ಚಿ ಕೇಳಿ, "ಈಗ ಸರಿ ಆತ್ರಿ," ಎನ್ನುತ್ತಿದ್ದರು.

ಆ ಮೂರನೆಯ ಸಲವೇ ನನಗೆ ಗೊತ್ತಾಯಿತು. ಮಿಸ್ತ್ರಿ ನನ್ನ ಬಾನೆಟ್ಟಿನ ಕೆಳಗೆ ಬಗ್ಗಿದ್ದರು. ಅವರ ಬೆನ್ನ ಹಿಂದೆ, ಮಾರುದೂರದಲ್ಲಿ, ಒಂದು ಲಾರಿ ಜೋರಾಗಿ ಹಾರ್ನ್ ಹೊಡೆಯಿತು. ರಸ್ತೆಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಕಾಳಪ್ಪ ತಲೆ ಎತ್ತಲಿಲ್ಲ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಇದನ್ನು ಕಂಡದ್ದು ನಾನೊಬ್ಬನೇ. ಅವರ ಗುಟ್ಟು ನನಗೆ ತಿಳಿಯಿತು, ನನ್ನ ಗುಟ್ಟು ಅವರಿಗೆ ತಿಳಿಯಲಿಲ್ಲ.

ಬೇಸತ್ತ ಸುನಂದಾ ಎದುರಿನ ಹುಸೇನಸಾಬ ಮುಲ್ಲಾನ ಗ್ಯಾರೇಜಿಗೂ ಹೋದರು. ಅವನ ಬಳಿ ಸ್ಕ್ಯಾನರ್ ಇತ್ತು. ಅದನ್ನು ನನ್ನ ಸ್ಟೀರಿಂಗಿನ ಕೆಳಗೆ ಚುಚ್ಚಿದರೆ ಪರದೆಯ ಮೇಲೆ ರೋಗದ ಸಂಖ್ಯೆ ಬರುತ್ತಿತ್ತು. ಹೊಗೆ ಮೂಸುವ ಸೆನ್ಸರಿನ ಸಂಖ್ಯೆ ಬಂತು. ಅವನು ಅದನ್ನು ಕಿತ್ತು ಬೇರೆಯದನ್ನು ಹಾಕಿದ. ಪಾಪ, ಪೆಟ್ರೋಲು ಹೆಚ್ಚಾಗಿದೆ ಎಂದು ಕೂಗಿ ಹೇಳುತ್ತಿದ್ದುದು ಅದೊಂದೇ. ನಿಜ ಹೇಳಿದ್ದನ್ನೇ ತೆಗೆದು ತಿಪ್ಪೆಗೆ ಎಸೆದರು. ಎಂಟು ದಿನ ಕಳೆದ ಮೇಲೆ ಹೊಸದೂ ಅದನ್ನೇ ಹೇಳತೊಡಗಿತು.

ಅದೇ ವಾರ ಒಂದು ಮಧ್ಯಾಹ್ನ ಸುನಂದಾರಿಗೆ ಫೋನ್ ಬಂತು. ಹದಿನೆಂಟು ಕಿಲೋಮೀಟರು ಆಚೆಯ ಹಳ್ಳಿಯಲ್ಲಿ ದ್ಯಾಮವ್ವ ಹಡಪದ ಎಂಬ ಮುದುಕಿಯ ಆಕಳು ಈಯಲಾರದೆ ಬಿದ್ದಿತ್ತು. ಕರುವಿನ ಕಾಲು ಒಳಗೆ ಮಡಚಿಕೊಂಡಿತ್ತಂತೆ. ಸುನಂದಾ ಚೀಲವನ್ನು ನನ್ನೊಳಗೆ ಎಸೆದು ಹೊರಟರು. ಹನ್ನೆರಡು ಕಿಲೋಮೀಟರು ಚೆನ್ನಾಗಿಯೇ ಓಡಿದೆ. ಅಲ್ಲಿ ರೈಲ್ವೆ ಗೇಟು ಬಿದ್ದಿತ್ತು.

ನಾನು ನಿಂತೆ. ನಡುಕ ಶುರುವಾಯಿತು. ಸುನಂದಾ ಆಕ್ಸಿಲರೇಟರ್ ಒತ್ತಿ ಒತ್ತಿ ನನ್ನನ್ನು ಬದುಕಿಸಲು ನೋಡಿದರು. ಗೂಡ್ಸ್ ರೈಲಿನ ಕೊನೆಯ ಡಬ್ಬಿ ದಾಟುವ ಹೊತ್ತಿಗೆ ನಾನು ಆರಿಹೋದೆ. ಗೇಟು ಮೇಲೆದ್ದಿತು. ಹಿಂದಿನ ಗಾಡಿಗಳೆಲ್ಲ ನನ್ನನ್ನು ಬಳಸಿಕೊಂಡು ಹೋದವು. ಅವರು ಕೀಲಿ ತಿರುಗಿಸಿದರು, ಮತ್ತೆ ತಿರುಗಿಸಿದರು. ಎಂಜಿನ್ನಿನ ತುಂಬ ಪೆಟ್ರೋಲು, ಬೆಂಕಿ ಹತ್ತಲಿಲ್ಲ. ಅವರು ಸ್ಟೀರಿಂಗಿಗೆ ಹಣೆ ಊರಿದರು. "ಹತ್ತೋ ಮಾರಾಯಾ," ಎಂದು ಮೆಲ್ಲಗೆ ಅಂದರು. ಆರು ವರ್ಷದಲ್ಲಿ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಹತ್ತಲಿಲ್ಲ. ಮುಕ್ಕಾಲು ತಾಸಾದ ಮೇಲೆ ಈರುಳ್ಳಿ ತುಂಬಿದ ಟ್ರ್ಯಾಕ್ಟರ್ ಒಂದು ಬಂತು. ಅವರು ಚೀಲ ಹಿಡಿದು ಅದರ ಮೇಲೆ ಏರಿ ಹೋದರು.

ಸಂಜೆಯವರೆಗೆ ನಾನು ಗೇಟಿನ ಬಳಿ ಒಬ್ಬನೇ ನಿಂತಿದ್ದೆ. ಮೂರು ರೈಲು ಹೋದವು. ಬಿಸಿಲು ಇಳಿಯುವಾಗ ಸುನಂದಾ ಒಬ್ಬರ ಬೈಕಿನ ಹಿಂದೆ ಕುಳಿತು ಬಂದರು. ಅಂಗಿಯ ತೋಳು ಮೊಳಕೈವರೆಗೆ ರಕ್ತದಲ್ಲಿ ಒಣಗಿ ಗಟ್ಟಿಯಾಗಿತ್ತು. ಒಳಗೆ ಕುಳಿತು ಯಾರಿಗೋ ಫೋನ್ ಮಾಡಿದರು. "ಕರಾ ಉಳೀತು," ಎಂದರು. "ತಾಯಿ ಹೋತು. ಒಂದ್ ತಾಸು ಮೊದಲ ಹೋಗಿದ್ರ ಎರಡೂ ಉಳೀತಿದ್ವು." ಆಮೇಲೆ ಕೀಲಿ ತಿರುಗಿಸಿದರು. ನಾನು ತಣ್ಣಗಾಗಿದ್ದೆ. ಒಂದೇ ಸಲಕ್ಕೆ ಹತ್ತಿದೆ. ಹಾಗೆ ಹತ್ತಿದ್ದಕ್ಕೆ ನನಗೆ ಆದ ನಾಚಿಕೆ ಮತ್ತೆಂದೂ ಆಗಿಲ್ಲ.

ಮರುದಿನ ಮಧ್ಯಾಹ್ನ ಅವರು ನನ್ನನ್ನು ಕಾಳಪ್ಪನ ಗ್ಯಾರೇಜಿಗೆ ತಂದರು. ಮಿಸ್ತ್ರಿ ಆ ಕಡೆ ತಿರುಗಿ ನಟ್ಟು ತಿರುಗಿಸುವ ಪಾನಾಗಳನ್ನು ಒರೆಸುತ್ತಿದ್ದರು.

"ಮಿಸ್ತ್ರಿಯವರ, ಮೂರು ಸಲ ಬಿಚ್ಚಿದ್ರಿ, ಮೂರು ಸಲ ಸರಿ ಆತು ಅಂದ್ರಿ. ನಿನ್ನೆ ಗೇಟಿನ್ಯಾಗ ಬಂದ್ ಬಿತ್ತು. ನನ್ನ ಕಣ್ಣ ಮುಂದ ಒಂದು ಆಕಳಾ ಸತ್ತು ಹೋತು."

ಮಾತು ಮುಗಿದ ಮೇಲೆ, ಹಲಗೆಯ ಮೇಲೆ ಬಿದ್ದ ಅವರ ನೆರಳು ಕಂಡು ಕಾಳಪ್ಪ ತಿರುಗಿದರು. ನಕ್ಕು, "ಆತು ಬಿಡ್ರಿ ಬಾಯಾರ, ಸಂಜಿಗೆ ಬಂದು ಒಯ್ರಿ," ಎಂದರು.

ಸುನಂದಾ ಅವರ ಮುಖವನ್ನೇ ನೋಡುತ್ತ ನಿಂತರು. ಸಿಟ್ಟಿನಲ್ಲಿ ಬಂದವರ ಮುಖ ನಿಧಾನವಾಗಿ ಬೇರೆಯಾಯಿತು. ಅವರು ಹತ್ತಿರ ಹೋಗಿ, ಮಿಸ್ತ್ರಿಯ ಎದುರು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಆಕಳಾ. ಸತ್ತು. ಹೋತು. ಗಾಡಿ ಬಂದ್ ಬಿದ್ದಿದ್ದಕ್ಕ."

ಕಾಳಪ್ಪ ಅವರ ತುಟಿಗಳನ್ನು ನೋಡುತ್ತಿದ್ದರು. ನಗು ಮುಖದಿಂದ ಇಳಿಯಿತು. ಕೈಯಲ್ಲಿದ್ದ ಪಾನಾವನ್ನು ಹಲಗೆಯ ಮೇಲೆ ಇಟ್ಟರು.

"ಎರಡು ವರ್ಷಾತ್ರಿ," ಎಂದರು. "ಮೊದಲ ಎಡಗಿವಿ ಹೋತು. ಈಗ ಎರಡೂ. ಮನ್ಯಾಗ ನನ್ನ ಹೆಂಡತಿಗೊಬ್ಬಾಕಿಗೆ ಗೊತ್ತು. ಕಿವಿಯಿಂದ ಹೆಸರು ಮಾಡಿದಾಂವ ನಾನು. ಕೇಳಂಗಿಲ್ಲ ಅಂದ್ರ ಯಾರ ಬರ್ತಾರ್ರಿ ನನ್ನ ಕಡೆ?"

ಸುನಂದಾ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು. ಹೋಗಲಿಲ್ಲ, ಅಷ್ಟೇ.

ಕಾಳಪ್ಪ ಬಾನೆಟ್ ತೆರೆದು ನನ್ನನ್ನು ನೋಡಿದರು. ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಆಮೇಲೆ ರಸ್ತೆ ದಾಟಿ ಹೋಗಿ ಹುಸೇನಸಾಬನನ್ನು ಕರೆದುಕೊಂಡು ಬಂದರು. ಇಪ್ಪತ್ತು ವರ್ಷ ಎದುರಾಬದುರು ಇದ್ದರೂ ಅವರು ಅವನ ಸ್ಕ್ಯಾನರನ್ನು ಆಟಿಕೆ ಸಾಮಾನು ಎಂದು ನಗೆಯಾಡುತ್ತಿದ್ದವರು. ಹುಸೇನಸಾಬ ಅಂಜುತ್ತಲೇ ಅದನ್ನು ನನಗೆ ಚುಚ್ಚಿದ.

"ಗಾಡಿ ಬಿಸಿ ಐತಿ, ಚಾಲೂ ಇರಲಿ," ಎಂದರು ಕಾಳಪ್ಪ. "ಕೋಡ್ ಬ್ಯಾಡ. ಒಳಗ ಏನೇನ ನಡದೈತಿ ಅದೆಲ್ಲ ತೋರಿಸು. ಕಿವಿ ಹೋದ್ರೂ ಕಣ್ಣು ಅದಾವು."

ಪರದೆಯ ಮೇಲೆ ಅಂಕಿಗಳು ಬಂದವು. ಕಾಳಪ್ಪ ಒಂದೊಂದನ್ನೂ ಬೆರಳಿಟ್ಟು ಓದಿದರು. ಓದಿದ್ದನ್ನು ನನ್ನ ಮೈಮೇಲೆ ಹುಡುಕಿ, ಕೈಯಿಂದ ಮುಟ್ಟಿ ನೋಡಿದರು. ಗಾಳಿಯ ಕೊಳವೆಗೆ ಅಂಗೈ ಇಟ್ಟರು. ತಂತಿಗಳನ್ನು ಅಲುಗಿಸಿದರು. ಎಂಜಿನ್ ಆರದಂತೆ ಸುನಂದಾ ಒಳಗೆ ಕುಳಿತು ಆಕ್ಸಿಲರೇಟರ್ ಒತ್ತುತ್ತಿದ್ದರು, ಆದರೂ ನಾನು ನಡುಗುತ್ತಿದ್ದೆ. ಆ ನಡುಕ ಅವರ ಕೈಗೆ ಹತ್ತುತ್ತಿತ್ತು. ಒಂದು ಸಾಲಿನ ಬಳಿ ಅವರ ಬೆರಳು ನಿಂತಿತು. ಎಂಜಿನ್ ನೀರಿನ ಬಿಸಿ, ಮೂವತ್ತಾರು.

ಅವರು ಎಂಜಿನ್ನಿನಿಂದ ಬಿಸಿನೀರು ಹೊರಬರುವ ರಬ್ಬರ್ ಪೈಪನ್ನು ಅಂಗೈ ತುಂಬ ಹಿಡಿದರು. ಹಿಡಿದವರು ತಟ್ಟನೆ ಬಿಟ್ಟರು. ಅಂಗೈ ಕೆಂಪಾಗಿತ್ತು.

"ಇದು ಮೂವತ್ತಾರು ಅಂತೈತಿ," ಎಂದು ಹುಸೇನಸಾಬನಿಗೆ ಅಂಗೈ ತೋರಿಸಿದರು. "ನನ್ನ ಕೈ ಸುಟ್ಟತಿ. ಇಬ್ಬರೊಳಗ ಯಾರದು ಖರೇ?"

ಹುಸೇನಸಾಬ ಪರದೆ ನೋಡಿದ, ಕೈ ನೋಡಿದ. "ನಾ ಕೋಡ್ ಅಷ್ಟ ನೋಡಿದ್ನಿ, ಕಾಕಾ," ಎಂದ.

ಹೆಬ್ಬೆರಳಿನಷ್ಟಿದ್ದ ಆ ಸೆನ್ಸರನ್ನು ತೆಗೆದು ಹೊಸದನ್ನು ಹಾಕಲು ಅರ್ಧ ತಾಸೂ ಬೇಕಾಗಲಿಲ್ಲ. ಆದರೆ ಕಾಳಪ್ಪ, ಸರಿ ಆತು ಎನ್ನಲಿಲ್ಲ. ಬಸ್‌ಸ್ಟ್ಯಾಂಡ್ ತನಕ ನನ್ನನ್ನು ನಾಲ್ಕು ಸಲ ಓಡಿಸಿ, ಚೆನ್ನಾಗಿ ಬಿಸಿ ಮಾಡಿ ತಂದು ನಿಲ್ಲಿಸಿದರು. ಚಾಲೂ ಇದ್ದ ಎಂಜಿನ್ನಿನ ಮೇಲೆ ಚಹಾ ತುಂಬಿದ ಸ್ಟೀಲ್ ಲೋಟ ಇಟ್ಟರು. ಮೂವರೂ ಬಗ್ಗಿ ಆ ಚಹಾವನ್ನು ನೋಡಿದರು. ಹತ್ತು ನಿಮಿಷವಾದರೂ ಚಹಾ ತುಳುಕಲಿಲ್ಲ. ಮೇಲೆ ಕಟ್ಟಿದ ಕೆನೆ ಒಡೆಯಲಿಲ್ಲ.

"ಈಗ ಹೇಳತೀನ್ರಿ," ಎಂದರು ಕಾಳಪ್ಪ. "ಸರಿ ಆತು."

ಆಮೇಲೆ ಅವರು ಸುನಂದಾರನ್ನು ಒಂದು ಮಾತು ಕೇಳಿದರು. ಆ ಆಕಳಿನ ಮನೆ ಎಲ್ಲಿ ಎಂದು.

ಮಾರನೆಯ ದಿನ ಅವರಿಬ್ಬರೂ ನನ್ನಲ್ಲಿ ಕುಳಿತು ಹೋದರು. ರೈಲ್ವೆ ಗೇಟು ಬಿದ್ದಿತ್ತು. ನಾನು ನಿಂತೆ, ನಡುಗಲಿಲ್ಲ. ದ್ಯಾಮವ್ವನ ಮನೆಯ ಮುಂದೆ ಖಾಲಿ ಗೂಟ, ಅದರ ಪಕ್ಕದಲ್ಲಿ ಕೆಂಪು ಕರು. ದ್ಯಾಮವ್ವ ಗಂಜಿಯಲ್ಲಿ ಬೆರಳು ಅದ್ದಿ ಕರುವಿಗೆ ಚೀಪಿಸುತ್ತಿದ್ದಳು. ಅವಳ ಎರಡೂ ಕಣ್ಣಲ್ಲಿ ಪೊರೆ ಬೆಳೆದಿತ್ತು. ಕಾಳಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತರು.

"ಯವ್ವಾ, ನಾ ಗಾಡಿ ಮಿಸ್ತ್ರಿ. ನನಗ ಕಿವಿ ಕೇಳಂಗಿಲ್ಲ. ಕೇಳತೈತಿ ಅಂತ ಸುಳ್ಳ ಹೇಳಿ ಈ ಗಾಡಿ ರಿಪೇರಿ ಮಾಡಿದ್ನಿ. ಡಾಕ್ಟರ್ ಬಾಯಾರದು ತಪ್ಪಿಲ್ಲ. ನಿನ್ನ ಆಕಳಾ ಹೋಗಿದ್ದು ನನ್ನಿಂದ."

ದ್ಯಾಮವ್ವ ದನಿ ಬಂದ ಕಡೆ ಮುಖ ತಿರುಗಿಸಿದಳು. ಆಮೇಲೆ ಅವಳು ಹೇಳಿದ್ದು ಕಾಳಪ್ಪನಿಗೆ ಕೇಳಲಿಲ್ಲ. ಮುದುಕಿಯ ತುಟಿ ಓದಲೂ ಆಗಲಿಲ್ಲ. ಸುನಂದಾ ಎದುರು ನಿಂತು ಹೇಳಿದರು.

"ಆಕೀ ಅಂತಾಳ, 'ನನಗ ಕಣ್ಣ ಕಾಣಂಗಿಲ್ಲ. ನಾ ಊರ ಮಂದಿಗೆಲ್ಲ ಹೇಳೀನಿ. ಹೇಳಿದ್ದಕ್ಕ ಅವರು ಕೈ ಹಿಡದು ದಾಟಸ್ತಾರ. ನೀ ಯಾಕ ಹೇಳಲಿಲ್ಲ?'"

ದ್ಯಾಮವ್ವ ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಗಂಜಿಯ ಪಾತ್ರೆಯನ್ನು ಅವರ ಕಡೆ ಸರಿಸಿದಳು. ಮಿಸ್ತ್ರಿ ಬೆರಳು ಅದ್ದಿದರು. ಕರು ಆ ಸುಟ್ಟ ಕೈಯನ್ನು ಜಗ್ಗಿ ಜಗ್ಗಿ ಚೀಪಿತು.

ಆ ಮೇಲೆ ಕಾಳಪ್ಪ ಬಂದವರಿಗೆಲ್ಲ ಮೊದಲು ಹೇಳುತ್ತಿದ್ದ ಮಾತು ಒಂದೇ. "ಎದುರಿಗೆ ನಿಂತು ಮಾತಾಡ್ರಿ, ನನಗ ಕೇಳಂಗಿಲ್ಲ." ಕೆಲವರು ಗಾಡಿ ತಿರುಗಿಸಿಕೊಂಡು ಹೋದರು. ಕೆಲವರು ಉಳಿದರು. ಕಷ್ಟದ ಕೆಲಸ ಬಂದಾಗ ಹುಸೇನಸಾಬ ಸ್ಕ್ಯಾನರ್ ಹಿಡಿದು ಬರುತ್ತಿದ್ದ. ಒಬ್ಬ ಓದುತ್ತಿದ್ದ, ಒಬ್ಬರು ಮುಟ್ಟುತ್ತಿದ್ದರು.

ನಾನು ಇನ್ನೂ ಐದು ವರ್ಷ ಸುನಂದಾರ ಜೊತೆ ಓಡಿದೆ. ಅವರಿಗೆ ಯಾದಗಿರಿಗೆ ವರ್ಗವಾಯಿತು. ನನ್ನನ್ನು ಕೊಪ್ಪಳದ ಒಬ್ಬರಿಗೆ ಮಾರಿದರು. ಹೋಗುವ ದಿನ ಬೂಟು, ಹಗ್ಗ, ಕೊಡೆ ಎಲ್ಲ ತೆಗೆದುಕೊಂಡರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರು. ಹಿಂದಿನ ಗಾಜು ಏರಿಸಿರಲಿಲ್ಲ. ಬಂದು ಅದನ್ನು ಏರಿಸಿ ಹೋದರು. ಬಸ್ಸಿಗೆ ಹೊತ್ತಾಗಿತ್ತು.

ಕೊಪ್ಪಳದವರು ನನ್ನನ್ನು ಯಾರ್ಯಾರಿಗೋ ಬಾಡಿಗೆಗೆ ಕೊಡುತ್ತಿದ್ದರು. ದಿನಕ್ಕೊಬ್ಬ ಡ್ರೈವರ್. ಯಾರ ಮುಖವೂ ನೆನಪಿನಲ್ಲಿಲ್ಲ. ಎರಡನೆಯ ವರ್ಷ ಹೆದ್ದಾರಿಯಲ್ಲಿ ಟಿಪ್ಪರ್ ಒಂದು ಹಿಂದಿನಿಂದ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ನನ್ನ ಬೆನ್ನು ಮುರಿಯಿತು. ಅಲ್ಲಿಂದ ನೇರ ಈ ಗುಜರಿ ಅಂಗಳಕ್ಕೆ ತಂದರು.

ಇಲ್ಲಿ ಬಂದು ಮೂರು ವರ್ಷವಾಯಿತು. ಎಂಜಿನ್ ತೆಗೆದರು, ಚಕ್ರ ತೆಗೆದರು. ಸೆನ್ಸರುಗಳನ್ನು ಒಂದು ಡಬ್ಬಿಗೆ ಹಾಕಿ ಒಯ್ದರು. ಬಿಸಿಯೋ ತಣ್ಣಗೋ ನನಗೆ ಈಗ ತಿಳಿಯುವುದಿಲ್ಲ. ಸುತ್ತ ನನ್ನಂಥವೇ ನೂರು ಗಾಡಿಗಳಿವೆ. ನಾವು ಒಬ್ಬರೊಡನೊಬ್ಬರು ಮಾತಾಡಲಾರೆವು.

ಅಂಗಳ ಕಾಯಲು ಹುಲಗಪ್ಪ ಎಂಬ ಮುದುಕನಿದ್ದ. ಇಡೀ ಅಂಗಳದಲ್ಲಿ ಬೇವಿನ ನೆರಳು ಬೀಳುವುದು ನನ್ನ ಮೇಲೆ ಮಾತ್ರ. ಮಧ್ಯಾಹ್ನ ಅವನು ಬಂದು ನನ್ನ ಮುಂದಿನ ಸೀಟಿನಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ತಿಂದು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದ. ಅವನ ಭಾರಕ್ಕೆ ಸ್ಪ್ರಿಂಗುಗಳು ಕೆಳಗಿಳಿದಾಗ, ನಾನು ಇನ್ನೂ ಕಾರೇ ಎಂದು ನನಗೆ ಅನಿಸುತ್ತಿತ್ತು. ಹೋದ ತಿಂಗಳು ಅವನನ್ನು ಮಗಳು ಬಂದು ಊರಿಗೆ ಕರೆದುಕೊಂಡು ಹೋದಳು. ಒಳ್ಳೆಯದಾಯಿತು. ಇಲ್ಲಿ ಅವನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಬೇವಿನ ನೆರಳು ಈಗಲೂ ಮಧ್ಯಾಹ್ನ ತಪ್ಪದೆ ಬರುತ್ತದೆ. ಬಾಗಿಲಿಲ್ಲದ ಕಡೆಯಿಂದ ಒಳಗೆ ಸರಿದು ಆ ಸೀಟಿನ ಮೇಲೆ ಕೂರುತ್ತದೆ. ಅದಕ್ಕೆ ಭಾರವಿಲ್ಲ.